ವಾಡೆಯ ಗಾದಿ, ಸಾಲಿಯ ಬೆಂಚು

ಮುಂಬಯಿಯ ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಾಗಲಿ, ಜೋಗೇಶ್ವರಿಯ ಓಶಿವರಾದಲ್ಲಾಗಲಿ, ಪುಣೆಯ ಜುನಾ ಬಜಾರಿನಲ್ಲಾಗಲಿ ಹಳೆಯ ಮರದ ಸಾಮಾನು ಹುಡುಕಿಕೊಂಡು ಹೋದವರ ಕಿವಿಗೆ ಬೀಳುವ ಮಾತು ಒಂದೇ: ಇದು ವಾಡೆಯ ಮಾಲು. ಕೆತ್ತನೆಯ ಬೆನ್ನಿನ ಕುರ್ಚಿ, ಹಿತ್ತಾಳೆ ಸರಪಳಿಯ ತೂಗುಮಣೆ, ಬಿಲ್ಲೂರಿ ಕನ್ನಡಿ ಕೂಡಿಸಿದ ಕಪಾಟು, ಯಾವುದೇ ಇರಲಿ, ದಕ್ಷಿಣ ಮಹಾರಾಷ್ಟ್ರದ ಯಾವುದೋ ಇನಾಮದಾರರ ಮನೆಯದು ಎಂದರೆ ಬೆಲೆ ಏರುತ್ತದೆ. ಬೆಂಗಳೂರಿನ ಅಪಾರ್ಟ್‌ಮೆಂಟಿನ ಹಾಲಿಗೆ ಅದನ್ನು ತಂದಿಟ್ಟುಕೊಂಡವರು ತಲೆತಲಾಂತರದ ಬಾಳುವೆಯೊಂದನ್ನು ತಂದೆವೆಂದು ನಂಬುತ್ತಾರೆ. ಆದರೆ ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜಗಳ ಚರಿತ್ರೆಯನ್ನು ಎದುರಿಗಿಟ್ಟುಕೊಂಡು ನೋಡಿದರೆ ಈ ನಂಬಿಕೆ ನಿಲ್ಲುವುದಿಲ್ಲ. ಈ ಸೀಮೆಯ ಮನೆಗಳಲ್ಲಿ ನಾಲ್ಕು ಕಾಲಿನ ಮೇಲೆ ನಿಲ್ಲುವ ಸಾಮಾನು ನೆಲೆಯೂರಿದ್ದು ಹೆಚ್ಚುಕಡಿಮೆ 1870ರ ಆಚೆಗೆ. ಅದನ್ನು ತಂದದ್ದು ಅರಮನೆ, ಕಚೇರಿ, ರೈಲು, ಶಾಲೆ, ನಾಟಕದ ಥಿಯೇಟರು. ಅಂದರೆ ನಗರದವರು ಸಂಪ್ರದಾಯವೆಂದು ಕೊಳ್ಳುವುದು ಈ ಸೀಮೆಯ ಆಧುನಿಕತೆಯ ಮೊದಲ ಅರುವತ್ತು ಎಪ್ಪತ್ತು ವರ್ಷಗಳ ಉಳಿಕೆಯನ್ನು. ಹಾಗೆ ನೋಡಿದಾಗ ಬೆಲೆಯ ಲೆಕ್ಕವೂ ಬದಲಾಗಬೇಕು. ಕೆತ್ತನೆಯ ಕುರ್ಚಿಗಿಂತ ಕೆತ್ತನೆಯೇ ಇಲ್ಲದ ಬೆಂಚು ದೊಡ್ಡ ಐತಿಹಾಸಿಕ ವಸ್ತು ಎಂಬುದು ಈ ಬರಹದ ವಾದ.

ವಾಡೆಯ ಕಟ್ಟಡವೇ ಇದಕ್ಕೆ ಮೊದಲ ಸಾಕ್ಷಿ. ಉಳಿದಿರುವ ಯಾವುದೇ ಹಳೆಯ ವಾಡೆಯೊಳಗೆ ಹೋಗಿ ಗೋಡೆಗಳನ್ನು ನೋಡಬೇಕು. ಮಣ್ಣು ಕಲ್ಲಿನ ದಪ್ಪ ಗೋಡೆಯಲ್ಲಿ ಸಾಲುಸಾಲು ಮಾಡಗಳು, ಕೆಲವಕ್ಕೆ ಮರದ ಬಾಗಿಲು ಕೂಡಿಸಿದರೆ ಅದೇ ಕಪಾಟು. ತಲೆಯ ಮೇಲೆ ನಾಗೊಂದಿಗೆ, ಕಂಬಗಳಿಗೆ ಬಟ್ಟೆ ತೂಗುಹಾಕುವ ಗೂಟ, ಅಡುಗೆಮನೆಯಲ್ಲಿ ನೆಲುವು, ಕಾಳಿಗೆ ನೆಲದೊಳಗಿನ ಹಗೇವು. ಸಾಮಾನು ಇಡುವ ಕೆಲಸವನ್ನೆಲ್ಲ ಗೋಡೆ, ನೆಲ, ಅಟ್ಟಗಳೇ ಮಾಡುತ್ತಿದ್ದವು. ಕಿಟಕಿಯ ಹೊಸ್ತಿಲು ನೆಲದಿಂದ ಗೇಣಿನಷ್ಟೇ ಮೇಲೆ ಇರುವುದನ್ನು ಗಮನಿಸಬೇಕು. ನೆಲದ ಮೇಲೆ ಕೂತವನ ಕಣ್ಣಿಗೆ ಬೀದಿ ಕಾಣಲೆಂದೇ ಅದನ್ನು ಅಷ್ಟು ಕೆಳಗೆ ಇಟ್ಟದ್ದು. ಕುರ್ಚಿಯ ಮೇಲೆ ಕೂತರೆ ಆ ಕಿಟಕಿ ಮೊಣಕಾಲಿಗೆ ಬರುತ್ತದೆ. ಕೂರಲು ಜಮಖಾನ, ಗಾದಿ, ಒರಗಲು ಲೋಡು, ಉಣ್ಣಲು ಮಣೆ, ಮಲಗಲು ಕೌದಿ, ಕಂಬಳಿ. ಹಗಲು ಎಲ್ಲವನ್ನೂ ಸುತ್ತಿಟ್ಟರೆ ಪಡಸಾಲೆ ಬರಿದು. ಶ್ರೀಮಂತರ ಮನೆಯಲ್ಲೂ ಇದೇ ಕ್ರಮ. 1790ರಲ್ಲಿ ಪುಣೆಯ ಪೇಶ್ವೆ ದರ್ಬಾರಿನಲ್ಲಿ ಇಂಗ್ಲಿಷ್ ರೆಸಿಡೆಂಟ್ ಚಾರ್ಲ್ಸ್ ಮ್ಯಾಲೆಟ್ ಒಪ್ಪಂದ ಮಾಡಿಕೊಂಡ ದೃಶ್ಯವನ್ನು ಥಾಮಸ್ ಡೇನಿಯಲ್ ಚಿತ್ರಿಸಿದ್ದಾನೆ. ಅದರಲ್ಲಿ ಪೇಶ್ವೆ, ಸರದಾರರು, ಬಿಳಿಯ ಅಧಿಕಾರಿಗಳು ಎಲ್ಲರೂ ನೆಲದ ಹಾಸಿನ ಮೇಲೆ ಕೂತಿದ್ದಾರೆ. ಮರಾಠಾ ಪ್ರಭುತ್ವದ ಉತ್ತುಂಗದ ಸಭೆಯಲ್ಲಿ ಕುರ್ಚಿಗೆ ಜಾಗವಿರಲಿಲ್ಲ.

ಹಾಗಾದರೆ ಸಿಂಹಾಸನ, ಪಲ್ಲಂಗ, ತೊಟ್ಟಿಲು ಇರಲಿಲ್ಲವೇ ಎಂದು ಕೇಳಬಹುದು. ಇದ್ದವು. ಆದರೆ ಅವು ದೇವರಿಗೆ, ದೊರೆಗೆ, ಮದುವೆಗೆ, ಮಗುವಿಗೆ ಮೀಸಲಾದ ವಸ್ತುಗಳು. ದಿನದ ಬಾಳುವೆಯ ಸಲಕರಣೆಗಳಲ್ಲ. ಊರ ಬಡಿಗೇರ, ಮರಾಠಿ ಊರುಗಳಲ್ಲಿ ಸುತಾರ, ಆಯದ ಕಾಳಿಗೆ ಪ್ರತಿಯಾಗಿ ಮಾಡಿಕೊಡುತ್ತಿದ್ದುದು ಮುಖ್ಯವಾಗಿ ನೇಗಿಲು, ಕೂರಿಗೆ, ಬಂಡಿಯ ಗಾಲಿ. ಮನೆಗೆಂದು ಆತ ತನ್ನ ಕೈಚಳಕ ತೋರಿಸಿದ್ದು ಬಾಗಿಲವಾಡದಲ್ಲಿ, ಕಂಬದಲ್ಲಿ. ಇವತ್ತು ನಗರದ ಅಂಗಡಿಗಳಲ್ಲಿ ನಿಜವಾಗಿ ಹಳೆಯದು ಎನ್ನಬಹುದಾದ್ದು ಈ ಬಾಗಿಲುಗಳು, ಕಂಬಗಳು, ತೊಲೆಯ ಬೋದಿಗೆಗಳು. ಅವು ಪೀಠೋಪಕರಣವಲ್ಲ, ಮನೆಯ ಅವಯವ. ಮನೆ ಕೆಡವದೆ ಅವು ಅಂಗಡಿಗೆ ಬರಲಾರವು. ನಿಜವಾದ ಅಪವಾದ ಒಂದಿದೆ, ಅದು ವ್ಯಾಪಾರಿಯ ಲೆಕ್ಕದ ಪೆಟ್ಟಿಗೆ: ಇಳಿಜಾರು ಮುಚ್ಚಳ, ಒಳಗೆ ಸಣ್ಣ ಖಾನೆಗಳು, ಎತ್ತರ ಮೊಳವೂ ಇಲ್ಲ. ಗಡಹಿಂಗ್ಲಜದಂಥ ಬೆಲ್ಲದ ಪೇಟೆಯಲ್ಲಿ, ಗಡಿಯಾಚೆಯ ಸಂಕೇಶ್ವರ, ನಿಪ್ಪಾಣಿಯ ಅಡತಿ ಅಂಗಡಿಗಳಲ್ಲಿ ಇದು ಬಹುಕಾಲ ಗಾದಿಯ ಮುಂದೆಯೇ ಇತ್ತು. ಕಚೇರಿಗಳೆಲ್ಲ ಮೇಜು ಕುರ್ಚಿಗೆ ಏರಿದ ಎಷ್ಟೋ ವರ್ಷ ಆಮೇಲೂ ಲಿಂಗಾಯತ, ಜೈನ ವ್ಯಾಪಾರಿಗಳು ಗಾದಿ ಬಿಡಲಿಲ್ಲ. ಕಡತ ಸರಕಾರದ್ದು, ಖಾತೆ ಮನೆತನದ್ದು. ಒಂದು ಮೇಜಿನ ಮೇಲೆ, ಇನ್ನೊಂದು ತೊಡೆಯ ಮುಂದೆ. ಮುನೀಮರ ಪೆಟ್ಟಿಗೆ ಚಲಿಸುವ ಸಾಮಾನು ಹೌದು, ಆದರೆ ನೆಲದ ಸಂಸ್ಕೃತಿಯ ಸಾಮಾನು. ಅದು ನನ್ನ ವಾದವನ್ನು ಬಲಪಡಿಸುತ್ತದೆಯೇ ಹೊರತು ಮುರಿಯುವುದಿಲ್ಲ.

ಬದಲಾವಣೆ ಮೇಲಿನಿಂದ ಬಂತು. ಕೊಲ್ಹಾಪುರದಲ್ಲಿ ಇಂಗ್ಲಿಷ್ ಎಂಜಿನಿಯರ್ ಮೇಜರ್ ಚಾರ್ಲ್ಸ್ ಮ್ಯಾಂಟ್ ರೂಪಿಸಿದ ಟೌನ್ ಹಾಲ್ 1872ರಿಂದ 1876ರ ನಡುವೆ ಎದ್ದಿತು. 1877ರಲ್ಲಿ ಆರಂಭವಾದ ಹೊಸ ಅರಮನೆ 1884ರಲ್ಲಿ ಮುಗಿಯಿತು. ಭವಾನಿ ಮಂಟಪದ ಪಕ್ಕದ ಹಳೆಯ ಅರಮನೆಯಲ್ಲಿ ಚೌಕ, ಪಡಸಾಲೆ, ಗಾದಿ; ಹೊಸ ಅರಮನೆಯಲ್ಲಿ ಊಟದ ಕೋಣೆ, ಓದುವ ಕೋಣೆ, ಮಲಗುವ ಕೋಣೆ, ಒಂದೊಂದಕ್ಕೂ ಬೇರೆ ಬೇರೆ ಸಾಮಾನು. ಕೋಣೆಗೊಂದು ಕೆಲಸ ಗೊತ್ತಾದಾಗಲೇ ಆ ಕೆಲಸಕ್ಕೊಂದು ಮರದ ಸಾಮಾನು ಬೇಕಾಗುವುದು. ಬರಿದಾಗುವ ಪಡಸಾಲೆಯಲ್ಲಿ ಬೆಳಿಗ್ಗೆ ನ್ಯಾಯ, ಮಧ್ಯಾಹ್ನ ಊಟ, ರಾತ್ರಿ ನಿದ್ದೆ ಮೂರೂ ಸಾಗುತ್ತಿದ್ದವು. ಊಟದ ಮೇಜು ಇಟ್ಟ ಕೋಣೆಯಲ್ಲಿ ಊಟ ಮಾತ್ರ. ಈಗ ಹೊಸ ಅರಮನೆಯ ನೆಲಮಹಡಿಯಲ್ಲಿರುವ ಶಹಾಜಿ ಛತ್ರಪತಿ ವಸ್ತುಸಂಗ್ರಹಾಲಯದಲ್ಲಿ ಆ ಕಾಲದ ದರ್ಬಾರು, ಸೋಫಾ, ಗಾಜಿನ ದೀಪ ಎಲ್ಲವೂ ಇವೆ. ಅರಮನೆಯನ್ನು ನೋಡಿ ಸರದಾರರು, ಅವರನ್ನು ನೋಡಿ ಇನಾಮದಾರರು, ವಕೀಲರು. ಮುಂಬಯಿಯಲ್ಲಿ ಹತ್ತೊಂಬತ್ತನೆಯ ಶತಮಾನದ ನಡುವೆ ಯುರೋಪಿಯನ್ನರಿಗೂ ಪಾರ್ಸಿಗಳಿಗೂ ತಯಾರಾಗುತ್ತಿದ್ದ, ದಟ್ಟ ಕೆತ್ತನೆಯ ಬೀಟೆಮರದ ಸೋಫಾ ಕುರ್ಚಿಗಳ ಮಾದರಿಯೇ ಒಳನಾಡಿನ ಶ್ರೀಮಂತರ ಕಣ್ಣಿಗೆ ರಾಜಠೀವಿಯಾಯಿತು. ಇಂದು ಪ್ರಾಚೀನವೆಂದು ಮಾರಾಟವಾಗುವ ಕೆತ್ತನೆ ಬಹಳ ಮಟ್ಟಿಗೆ ಆ ಮುಂಬಯಿ ಮಾದರಿಯ ವಂಶದ್ದು.

ಅದನ್ನು ಊರಿಗೆ ಇಳಿಸಿದ್ದು ರೈಲು. ಅದಕ್ಕೂ ಮೊದಲು ಹೊರಗಿನ ಸಾಮಾನು ವೆಂಗುರ್ಲೆ ಬಂದರಿನಲ್ಲಿ ಇಳಿದು, ಅಂಬೋಲಿ ಘಾಟು ಹತ್ತಿ, ಎತ್ತಿನ ಬಂಡಿಯ ಮೇಲೆ ಬರಬೇಕಿತ್ತು. 1891ರಲ್ಲಿ ಮೀರಜ ಕೊಲ್ಹಾಪುರ ಹಳಿ ತೆರೆದ ಮೇಲೆ ಮುಂಬಯಿ ಪುಣೆಯ ಮಾಲು ನೇರ ಬಂತು. 1895ರಲ್ಲಿ ನಿಲ್ದಾಣದ ಬಳಿ ಶಾಹೂಪುರಿ ಪೇಟೆ ನೆಲೆಗೊಂಡಿತು. ವಿಯೆನ್ನಾದ ಥೋನೆಟ್ ಕಂಪನಿ 1859ರಲ್ಲಿ ಹೊರತಂದ 14ನೇ ನಂಬರಿನ ಕುರ್ಚಿ ಈ ಕತೆಗೆ ಸಂಬಂಧಿಸಿದ್ದೇ. ಬೀಚ್ ಮರವನ್ನು ಹಬೆಯಲ್ಲಿ ಬಾಗಿಸಿ ಮಾಡಿದ ಆರು ತುಂಡು, ಹತ್ತು ಸ್ಕ್ರೂ, ಎರಡು ನಟ್ಟು. ಬಿಡಿಸಿಟ್ಟರೆ ಒಂದು ಘನ ಮೀಟರಿನ ಪೆಟ್ಟಿಗೆಯಲ್ಲಿ 36 ಕುರ್ಚಿ ಹಿಡಿಯುತ್ತಿದ್ದವು. 1869ರಲ್ಲಿ ಪೇಟೆಂಟು ಮುಗಿದ ಮೇಲೆ ಬೇರೆ ಕಾರ್ಖಾನೆಗಳೂ ಮಾಡತೊಡಗಿ ಅಗ್ಗವಾಯಿತು. ಇರಾನಿ ಹೋಟೆಲುಗಳ ಮೂಲಕ ನಮ್ಮ ಕಡೆಯವರಿಗೆ ಪರಿಚಯವಾದ ಆ ಬಾಗಿದ ಬೆನ್ನಿನ ಕಪ್ಪು ಕುರ್ಚಿಯ ಜನ್ಮಸ್ಥಳ ಮಧ್ಯ ಯುರೋಪಿನ ಕಾಡು. ಗೋಡೆಗೆ ತೂಗುಬಿದ್ದ ಲಕ್ಷ್ಮಿ ಸರಸ್ವತಿಯರ ಚಿತ್ರವೂ ಅಷ್ಟೇ ಹೊಸದು. ರಾಜಾ ರವಿವರ್ಮರ ಮುದ್ರಣಾಲಯ ಮುಂಬಯಿಯಲ್ಲಿ ಶುರುವಾದದ್ದು 1894ರಲ್ಲಿ, ಕಲ್ಲಚ್ಚಿನ ಯಂತ್ರ ಬಂದದ್ದು ಜರ್ಮನಿಯಿಂದ.

ಇಲ್ಲಿಯವರೆಗೆ ಹೇಳಿದ್ದು ಶ್ರೀಮಂತರ ಕತೆ. ಆದರೆ ಈ ಸೀಮೆಯ ಪೀಠೋಪಕರಣ ಚರಿತ್ರೆಯ ದೊಡ್ಡ ಅಧ್ಯಾಯ ಶಾಲೆ, ಕಚೇರಿ, ಚಹಾದ ಹೋಟೆಲುಗಳಲ್ಲಿ ನಡೆಯಿತು. 1894ರಿಂದ 1922ರವರೆಗೆ ಆಳಿದ ಶಾಹೂ ಛತ್ರಪತಿ 1902ರಲ್ಲಿ ಹಿಂದುಳಿದವರಿಗೆ ನೌಕರಿಯಲ್ಲಿ ಶೇಕಡಾ 50 ಮೀಸಲಿಟ್ಟರು. 1917ರಲ್ಲಿ ಪ್ರಾಥಮಿಕ ಶಿಕ್ಷಣ ಕಡ್ಡಾಯ ಮಾಡಿದರು. 1919ರಲ್ಲಿ ಅಸ್ಪೃಶ್ಯರ ಪ್ರತ್ಯೇಕ ಶಾಲೆಗಳನ್ನು ಮುಚ್ಚಿ ಎಲ್ಲರ ಮಕ್ಕಳನ್ನೂ ಒಂದೇ ಶಾಲೆಯಲ್ಲಿ ಕೂರಿಸಲು ಆಜ್ಞೆ ಮಾಡಿದರು. ಹಳ್ಳಿಯ ಪ್ರಾಥಮಿಕ ಶಾಲೆಯ ಮಕ್ಕಳು ಆಮೇಲೂ ಬಹುಕಾಲ ನೆಲದ ಪಟ್ಟಿಯ ಮೇಲೆಯೇ ಕೂತರು ನಿಜ. ಬೆಂಚು ಮೊದಲು ಬಂದದ್ದು ಹೈಸ್ಕೂಲಿಗೆ, ಕೋರ್ಟಿನ ಪಡಸಾಲೆಗೆ, ರೈಲು ನಿಲ್ದಾಣಕ್ಕೆ, ಹೋಟೆಲಿಗೆ. ಬೆಂಚಿನ ಗುಣವನ್ನು ಸ್ವಲ್ಪ ಯೋಚಿಸಬೇಕು. ಕುರ್ಚಿ ಒಬ್ಬನದು, ಅದು ಒಬ್ಬನನ್ನು ಇನ್ನೊಬ್ಬನಿಂದ ಬೇರ್ಪಡಿಸುತ್ತದೆ. ಬೆಂಚು ಹಲವರದು, ಅದರ ಮೇಲೆ ಕೂತರೆ ಭುಜಕ್ಕೆ ಭುಜ ತಾಗುತ್ತದೆ. ತಾಗುವುದೇ ಮೈಲಿಗೆಯೆಂದು ನಂಬಿದ ಸಮಾಜದ ನಡುವೆ ಆ ಮರದ ಹಲಗೆ ಏನು ಮಾಡಿತೆಂದು ಊಹಿಸುವುದು ಕಷ್ಟವಲ್ಲ. ಕೊಲ್ಹಾಪುರದ ಗಂಗಾರಾಮ ಕಾಂಬಳೆ ನೀರು ಮುಟ್ಟಿದ್ದಕ್ಕೆ ಏಟು ತಿಂದವರು. ಅವರಿಗೆ ಚಹಾದ ಹೋಟೆಲು ಹಾಕಿಸಿಕೊಟ್ಟು, ಮಹಾರಾಜರೇ ಅಲ್ಲಿ ಬಂದು ಚಹಾ ಕುಡಿದು, ಜೊತೆಯವರಿಗೂ ಕುಡಿಸಿದ ಸಂಗತಿ ಈ ಊರಿನ ಸಾಮಾಜಿಕ ಚರಿತ್ರೆಯಲ್ಲಿ ಹೆಸರಾದದ್ದು. 1920ರ ಮಾರ್ಚಿನಲ್ಲಿ ಇಚಲಕರಂಜಿಗೆ ದೂರವಲ್ಲದ ಮಾಣಗಾವದಲ್ಲಿ ಡಾ. ಅಂಬೇಡ್ಕರರ ಅಧ್ಯಕ್ಷತೆಯ ಪರಿಷತ್ತು ನಡೆದದ್ದೂ ಇದೇ ಕಾಲದಲ್ಲಿ. ಯಾರು ಯಾರ ಎದುರು, ಯಾವ ಎತ್ತರದಲ್ಲಿ, ಎಷ್ಟು ದೂರದಲ್ಲಿ ಕೂರಬೇಕು ಎಂಬುದು ಈ ಸೀಮೆಯಲ್ಲಿ ಬಹಿರಂಗ ಜಗಳವಾಗಿದ್ದ ವರ್ಷಗಳವು. ಆ ಜಗಳದ ಸಲಕರಣೆಯಾಗಿ ಉಳಿದಿರುವ ಮರದ ವಸ್ತು ಬೆಂಚು.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ, ಅದೂ ಕನ್ನಡಿಗರ ಕಡೆಯಿಂದಲೇ ಬರುವಂಥದ್ದು. ಸಮಾನತೆಗೆ ಬೆಂಚು ಯಾಕೆ ಬೇಕು, ಮಠದ ದಾಸೋಹದಲ್ಲಿ ಎಲ್ಲರೂ ಒಂದೇ ನೆಲದ ಮೇಲೆ ಸಾಲಾಗಿ ಕೂರುವುದಿಲ್ಲವೇ? ಗಡಹಿಂಗ್ಲಜ ಸೀಮೆಯಲ್ಲೂ, ಪಕ್ಕದ ನಿಡಸೋಸಿಯಲ್ಲೂ ಆ ಪರಂಪರೆ ಗಟ್ಟಿಯಾಗಿದೆ. ಅದರ ಬೆಲೆಯನ್ನು ಕಡಿಮೆ ಮಾಡುವ ಮನಸ್ಸು ನನಗಿಲ್ಲ. ಆದರೆ ಮಠದ ಪಂಕ್ತಿಯನ್ನು ನೋಡಿ ವಾಡೆಯ ನೆಲವೂ ಹಾಗೆಯೇ ಇತ್ತೆನ್ನಲಾಗದು. ವಾಡೆಯಲ್ಲಿ ಅಂಗಳ ಒಂದು ಎತ್ತರ, ಕಟ್ಟೆ ಇನ್ನೊಂದು, ಪಡಸಾಲೆ ಮತ್ತೊಂದು, ಅದರ ಮೇಲೆ ಗಾದಿ. ಯಾರ ಕಾಲು ಎಲ್ಲಿಗೆ ನಿಲ್ಲಬೇಕೆಂದು ಮೆಟ್ಟಿಲುಗಳೇ ಹೇಳುತ್ತಿದ್ದವು. ನೆಲದ ಮೇಲಿನ ಹಾಸನ್ನು ಎರಡು ಮೊಳ ಆಚೆ ಎಳೆದರೆ ಸಾಕು, ಅಂತರ ಸಿದ್ಧ. ಬೆಂಚನ್ನು ಹಾಗೆ ತುಂಡುಮಾಡಲು ಬರುವುದಿಲ್ಲ. ಬೇಡವಾದವರನ್ನು ಕಡೆಯ ಬೆಂಚಿಗೆ ದೂಡಿದ ಶಾಲೆಗಳು ಇದ್ದವು, ಕೈಯಿದ್ದ ಕುರ್ಚಿ ಸಾಹೇಬರಿಗೆ, ಬೆನ್ನಿಲ್ಲದ ಸ್ಟೂಲು ಸಿಪಾಯಿಗೆ ಎಂಬ ಹೊಸ ಶ್ರೇಣಿಯೂ ಹುಟ್ಟಿತು. ಮರದ ಸಾಮಾನು ತಾನಾಗಿ ಯಾರನ್ನೂ ಸರಿಸಮ ಮಾಡಲಿಲ್ಲ. ಆದರೆ ಹಳೆಯ ಅಂತರವನ್ನು ಉಳಿಸಿಕೊಳ್ಳಲು ಈಗ ಪ್ರತಿಸಲ ಬಾಯಿಬಿಟ್ಟು ಹೇಳಬೇಕಾಯಿತು, ಮತ್ತು ಹೇಳಿದ್ದನ್ನು ಪ್ರಶ್ನಿಸಲು ಒಂದು ರಾಜಾಜ್ಞೆ ಇತ್ತು.

ಕೆತ್ತನೆಯ ರಾಜಠೀವಿ ನಮ್ಮ ಕಣ್ಣಿಗೆ ಅಷ್ಟು ಪ್ರಾಚೀನವಾಗಿ ಕಾಣಲು ಕೊಲ್ಹಾಪುರದ ಇನ್ನೊಂದು ಕಸುಬೂ ಕಾರಣ ಎಂದು ನನ್ನ ಅನಿಸಿಕೆ. 1915ರಲ್ಲಿ ಇಲ್ಲಿ ಪ್ಯಾಲೇಸ್ ಥಿಯೇಟರ್ ತೆರೆಯಿತು. ಮುಂದೆ ಕೇಶವರಾವ ಭೋಸಲೆ ನಾಟ್ಯಗೃಹವಾದ ಅದು 2024ರ ಆಗಸ್ಟಿನಲ್ಲಿ ಬೆಂಕಿಗೆ ತುತ್ತಾಯಿತು. ಆನಂದರಾವ ಮತ್ತು ಬಾಬುರಾವ ಎಂಬ ಮೇಸ್ತ್ರಿ ಮನೆತನದ ಸೋದರಸಂಬಂಧಿಗಳು ನಾಟಕ ಮಂಡಳಿಗಳಿಗೆ ಪರದೆ ಬರೆದು ‘ಪೇಂಟರ್’ ಎಂದು ಹೆಸರಾದರು. ಬಾಬುರಾವ ಪೇಂಟರ್ 1920ರ ‘ಸೈರಂಧ್ರಿ’ಯಿಂದ ಮೊದಲ್ಗೊಂಡು ಸಿನಿಮಾದಲ್ಲಿ ಬರೆದ ಪರದೆಯ ಜಾಗಕ್ಕೆ ಆಳ ಅಗಲವುಳ್ಳ ಸೆಟ್ಟುಗಳನ್ನು ತಂದರು. ಆಮೇಲೆ 1929ರಲ್ಲಿ ಹುಟ್ಟಿದ ಪ್ರಭಾತ್ ಕಂಪನಿ, ಭಾಲಜಿ ಪೆಂಢಾರಕರರ ಐತಿಹಾಸಿಕ ಚಿತ್ರಗಳು. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ಕೂಡ ಚಿತ್ರೀಕರಣಗೊಂಡದ್ದು ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ಲಂಕೆಯ ಆಸ್ಥಾನವಿರಲಿ, ಮರಾಠಾ ಕೋಟೆಯ ದರ್ಬಾರಿರಲಿ, ಪುರಾಣ ಇತಿಹಾಸಗಳ ಪೀಠ, ಪಲ್ಲಂಗಗಳನ್ನು ಹಲಗೆ, ಮೊಳೆ, ಬಣ್ಣಗಳಲ್ಲಿ ಕಲ್ಪಿಸಿಕೊಟ್ಟವರು ಈ ಊರಿನ ಬಡಗಿಗಳು, ಚಿತ್ರಗಾರರು. ನೋಡಿದವರ ಮನಸ್ಸಿನಲ್ಲಿ ಆ ಕಲ್ಪನೆಯೇ ಹಿಂದಿನ ಕಾಲವಾಗಿ ಕೂತಿತು. ಇವತ್ತು ಅರಸರ ಕಾಲದ ಕುರ್ಚಿ ಹೀಗಿರಬೇಕೆಂದು ಗಿರಾಕಿಗೆ ಅನ್ನಿಸುವುದು ಅರಸರ ಚಾವಡಿಯನ್ನು ಕಂಡಲ್ಲ, ಪರದೆಯ ಮೇಲಿನ ಸೆಟ್ಟನ್ನು ಕಂಡು.

ಇಚಲಕರಂಜಿಯ ದಾರಿ ಬೇರೆ. 1904ರಲ್ಲಿ ವಿಠ್ಠಲರಾವ ದಾತಾರರು ಅಲ್ಲಿ ಮೊದಲ ವಿದ್ಯುತ್ ಮಗ್ಗ ಹೂಡಿದರು. ಜಹಗೀರುದಾರ ನಾರಾಯಣರಾವ ಬಾಬಾಸಾಹೇಬ ಘೋರ್ಪಡೆಯವರ ಆಶ್ರಯದಲ್ಲಿ ಊರು ನೇಯ್ಗೆಯ ಪೇಟೆಯಾಗಿ ಬೆಳೆಯಿತು. ಕುಣಿ ಮಗ್ಗದ ನೇಕಾರ ನೆಲದ ಮಟ್ಟದಲ್ಲೇ ಕೂತು, ಕಾಲನ್ನು ಕುಣಿಯೊಳಗೆ ಇಳಿಬಿಟ್ಟು ನೇಯುತ್ತಿದ್ದ. ವಿದ್ಯುತ್ ಮಗ್ಗದವನು ನಿಂತೇ ದುಡಿಯಬೇಕು, ಒಂದರಿಂದ ಇನ್ನೊಂದಕ್ಕೆ ನಡೆಯಬೇಕು. ಹಗಲೆಲ್ಲ ನಿಂತವನಿಗೆ ಮನೆಗೆ ಬಂದಾಗ ನೆಲಕ್ಕಿಂತ ಮಂಚದ ಅಂಚೇ ಹತ್ತಿರ. ಮೈಯ ಅಭ್ಯಾಸ ಬದಲಾದರೆ ಮನೆಯ ಸಾಮಾನೂ ಬದಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ಹುಡುಕುವುದು ಕಷ್ಟ. 1999ರ ತಂತ್ರಜ್ಞಾನ ಉನ್ನತೀಕರಣ ನಿಧಿ ಯೋಜನೆಯ ಆಚೆಗೆ ಲಾಳಿಯಿಲ್ಲದ ಮಗ್ಗಗಳು ಹೆಚ್ಚಿದವು. ನೇಯ್ಗೆಯ ಊರುಗಳಿಂದ ಗುಜರಿಗೆ ಬೀಳುವ ಮರದ ಲಾಳಿ, ಕಂಡಿಕೆಗಳು ಇಂದು ದೊಡ್ಡ ನಗರಗಳ ಅಲಂಕಾರದ ಅಂಗಡಿಯಲ್ಲಿ ಮೇಣದಬತ್ತಿ ನಿಲ್ಲಿಸುವ ಸಾಮಾನು. ಘೋರ್ಪಡೆಯವರ ರಾಜವಾಡೆ ಮಾತ್ರ 1982ರಲ್ಲಿ ಆರಂಭವಾದ ಡಿಕೆಟಿಇ ಜವಳಿ ಮತ್ತು ಎಂಜಿನಿಯರಿಂಗ್ ಕಾಲೇಜಿಗೆ ನೆಲೆಯಾಗಿ, ಊರಿನ ಕಸುಬಿಗೇ ಸಂದಿದೆ.

ಇಷ್ಟು ಸಾಮಾನು ಮನೆ ಬಿಟ್ಟು ಹೊರಟದ್ದಾದರೂ ಯಾಕೆ? ಕೇವಲ ರುಚಿ ಬದಲಾದದ್ದರಿಂದ ಅಲ್ಲ. 1948ರಲ್ಲಿ ಗಾಂಧೀಜಿಯ ಹತ್ಯೆಯ ನಂತರ ಕೊಲ್ಹಾಪುರ, ಸಾಂಗಲಿ, ಸಾತಾರಾ ಸೀಮೆಯಲ್ಲಿ ಬ್ರಾಹ್ಮಣರ ಮನೆ, ಅಂಗಡಿಗಳಿಗೆ ಬೆಂಕಿ ಬಿತ್ತು. ಭಾಲಜಿಯವರ ಜಯಪ್ರಭಾ ಸ್ಟುಡಿಯೋವೂ ಸುಟ್ಟಿತು. ಅನೇಕ ಕುಟುಂಬಗಳು ಪುಣೆ, ಮುಂಬಯಿ ಸೇರಿದವು. ಅದೇ ವರ್ಷದ ಮುಂಬಯಿ ಗೇಣಿ ಕಾಯ್ದೆ, ಆಮೇಲಿನ ಇನಾಮು ರದ್ದತಿಗಳು ದೊಡ್ಡ ವಾಡೆಗಳ ಆದಾಯವನ್ನು ಉಳುವವನಿಗೆ ದಾಟಿಸಿದವು. ಅದು ನ್ಯಾಯವಾದ ದಾಟುವಿಕೆ. 1949ರ ಮಾರ್ಚಿನಲ್ಲಿ ಕೊಲ್ಹಾಪುರ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಹಿಸ್ಸೆಯಾದ ಮನೆಗಳಲ್ಲಿ ಕಪಾಟನ್ನು ಕೊಯ್ದು ಹಂಚಲಾಗದೆ ಮಾರಿ ಹಣ ಹಂಚಿಕೊಂಡರು. ಗೋದ್ರೇಜ್ ಉಕ್ಕಿನ ಕಪಾಟು 1923ರಿಂದಲೇ ಇತ್ತು. ಮಧ್ಯಮ ವರ್ಗಕ್ಕೆ ಅದು ಎಟಕುವಂತಾದ ಮೇಲೆ ಮರದ್ದು ಗೆದ್ದಲಿನ ಗೂಡು ಅನ್ನಿಸಿಕೊಂಡಿತು. ಪಂಚಗಂಗೆಯ 2005, 2019, 2021ರ ಮಹಾಪೂರಗಳು ತಗ್ಗಿನ ಓಣಿಗಳ ಮರದ ಸಾಮಾನಿಗೆ ಕೊನೆಯ ಪೆಟ್ಟು ಕೊಟ್ಟವು.

ಹೀಗಿರುವಾಗ ಕೊಳ್ಳುವವರೂ ಮಾರುವವರೂ ಇಲ್ಲದಿದ್ದರೆ ಇದೆಲ್ಲ ನೀರೊಲೆಗೆ ಹೋಗುತ್ತಿತ್ತು, ವ್ಯಾಪಾರವನ್ನು ಯಾಕೆ ದೂರಬೇಕು ಎಂಬ ಮಾತು ಸರಿಯಾದದ್ದೇ. ಹಳೆಯ ಸಾಮಾನಿನ ವ್ಯಾಪಾರಿ ಉಳಿಸಿದಷ್ಟು ಮರವನ್ನು ಸರಕಾರಿ ವಸ್ತುಸಂಗ್ರಹಾಲಯಗಳು ಉಳಿಸಿಲ್ಲ. ಕೊಲ್ಹಾಪುರದ ಟೌನ್ ಹಾಲ್ ಮ್ಯೂಸಿಯಂ ಹುಟ್ಟಿದ್ದು ಬ್ರಹ್ಮಪುರಿಯ ಉತ್ಖನನದ ವಸ್ತುಗಳಿಗಾಗಿ. ಹೊಸ ಅರಮನೆಯಲ್ಲಿರುವುದು ಅರಸು ಮನೆತನದ್ದು. ಸಾಮಾನ್ಯರು ಕೂತ ಬೆಂಚಿಗೆ ಎರಡರಲ್ಲೂ ಜಾಗವಿಲ್ಲ. ನನ್ನ ದೂರು ಮಾರಾಟದ ಮೇಲಲ್ಲ, ಊರಿನ ಹೆಸರು ಅಳಿಸಿ ಮಾರುವುದರ ಮೇಲೆ. ವಸ್ತುವನ್ನು ಸ್ಥಳದಿಂದ ಎತ್ತಿದರೂ ಹೆಸರು ಉಳಿಸಬಹುದು. ಪುಣೆಯಲ್ಲಿ ದಿನಕರ ಕೇಳಕರರು ಕಟ್ಟಿದ ಸಂಗ್ರಹ ಅಡಕೊತ್ತು, ದೀಪ, ಬಾಗಿಲುಗಳಂಥ ಮನೆಬಳಕೆಯ ವಸ್ತುಗಳಿಗೆ ದೊಡ್ಡ ಗೌರವ ಕೊಟ್ಟಿತು. ಮಣಿಪಾಲದಲ್ಲಿ ವಿಜಯನಾಥ ಶೆಣೈ ಮರುಜೋಡಿಸಿದ ಹಸ್ತಶಿಲ್ಪದ ಮನೆಗಳಲ್ಲಿ ಮುಧೋಳದ ದರ್ಬಾರು ಇವತ್ತಿಗೂ ಮುಧೋಳದ್ದೇ, ಕುಂಜೂರಿನ ಚೌಕಿಮನೆ ಕುಂಜೂರಿನದ್ದೇ. ನಗರದ ಅಂಗಡಿಯಲ್ಲಿ ಮಾತ್ರ ಎಲ್ಲವೂ ಬರೀ ‘ವಾಡೆಯದು’. ಅದೂ ಎಷ್ಟು ನಿಜವೋ; ಜೋಧಪುರದ ಕಾರ್ಖಾನೆಗಳಲ್ಲಿ ಹೊಸ ಮರವನ್ನು ಉಜ್ಜಿ, ಬಣ್ಣ ಕೆದರಿ ಹಳೆಯದರಂತೆ ಮಾಡಿ ಕಳಿಸುವ ದೊಡ್ಡ ಉದ್ಯಮವೇ ಇದೆ. ಊರು ಗೊತ್ತಿಲ್ಲದಿದ್ದರೆ ಅಸಲಿ ನಕಲಿಯ ವ್ಯತ್ಯಾಸ ಹೇಳಲು ಉಳಿಯುವುದು ಮರದ ತೂಕ ಮತ್ತು ಮಾರುವವನ ಮಾತು.

ಕಾನೂನಿನ ಕಡೆಯಿಂದಲೂ ಇದು ತುರ್ತಿನ ಸಮಯ. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ತುಂಬಿದ ಕಲೆ, ಕುಶಲಕೆಲಸದ ವಸ್ತು ಪ್ರಾಚ್ಯವಸ್ತುವಾಗಬಲ್ಲದು. ಅಂಥದ್ದನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ, ವ್ಯಾಪಾರಿಗೆ ಪರವಾನಗಿ ಬೇಕು. ಶಾಹೂ ಕಾಲದ ಹೈಸ್ಕೂಲುಗಳ ಮೇಜು, ಬೆಂಚುಗಳಿಗೆ ಆ ನೂರು ವರ್ಷ ತುಂಬಿರುವುದು ಈಗಷ್ಟೇ. ಆದರೆ ಬೆಂಚನ್ನು ಕುಶಲಕೆಲಸವೆಂದು ಯಾರು ಎಣಿಸಿಯಾರು? ಅವು ಶಾಲೆಗಳಲ್ಲಿ ಬೇಡದ ಸಾಮಾನಾಗಿ ಹರಾಜಿಗೆ ನಿಲ್ಲುತ್ತವೆ. ಹಳೆಯ ಮುಂಬಯಿ ಪ್ರಾಂತದ ಕಚೇರಿ, ಶಾಲೆಗಳಲ್ಲಿ ಇವತ್ತಿಗೂ ನಡೆದುಬಂದಿರುವ ಡೆಡ್‌ಸ್ಟಾಕ್ ರಜಿಸ್ಟರ್ ಎಂಬ ದಪ್ಪ ವಹಿಯಲ್ಲಿ ಒಂದೊಂದು ಕುರ್ಚಿ, ಮೇಜು, ಗಡಿಯಾರ ಯಾವಾಗ ಬಂತು, ಎಷ್ಟು ಕೊಟ್ಟು ತಂದದ್ದು ಎಂಬ ದಾಖಲೆ ಇರುತ್ತದೆ. ಅದರದೇ ನಂಬರನ್ನು ಸಾಮಾನಿನ ಅಡಿಯಲ್ಲೋ ಬೆನ್ನಿನಲ್ಲೋ ಬಣ್ಣದಿಂದ ಬರೆದಿರುತ್ತಾರೆ. ಕೆತ್ತನೆಯ ಸೋಫಾಕ್ಕೆ ಇಂಥ ಜಾತಕ ಇಲ್ಲ, ಬೆಂಚಿಗೆ ಇದೆ. ಗಡಹಿಂಗ್ಲಜದ ಅಥವಾ ಇಚಲಕರಂಜಿಯ ಶಾಲೆಯೊಂದು ತನ್ನ ಹಳೆಯ ಬೆಂಚನ್ನು ಹರಾಜು ಹಾ‌ಕುವಾಗ ವಹಿಯ ಆ ಒಂದು ಸಾಲನ್ನು ನಕಲು ಮಾಡಿ ಕೊಡಲು ಖರ್ಚೇನೂ ಇಲ್ಲ. ಕೊಂಡವರು ಅದನ್ನು ಕೇಳಿ ಪಡೆಯಬೇಕು. ಪಾಲಿಶು ಮಾಡಿಸುವ ಮುನ್ನ ನಂಬರು ಬರೆದ ಆ ನಾಲ್ಕು ಬೆರಳಗಲದ ಜಾಗಕ್ಕೆ ಮರಳುಕಾಗದ ತಾಗದಂತೆ ಬಡಗಿಗೆ ಹೇಳಬೇಕು.